ಹಳ್ಳ ಇಳಿಯುವವರೆಗೆ

ಅಕ್ಟೋಬರ್ ನಡುಭಾಗ, ಚಿತ್ತಾ ಮಳೆಯ ದಿನಗಳು. ಬೆಳಗ್ಗೆ ಆರೂವರೆಗೆ ಮುಳ್ಳೋಡಿಯಿಂದ ಕುದುರೆಮುಖದ ಕಡೆಗೆ ಹೊರಟ ನಾವು ಐದು ಮಂದಿ ಹಳ್ಳವೊಂದರ ದಡದಲ್ಲಿ ನಿಂತಿದ್ದೆವು. ನೀರು ಮೀನಖಂಡದವರೆಗೆ ಇತ್ತು. ತಳದ ಬೆಣಚುಕಲ್ಲುಗಳನ್ನು ಒಂದೊಂದಾಗಿ ಎಣಿಸುವಷ್ಟು ತಿಳಿ. ಜೊತೆಯಲ್ಲಿದ್ದ ಹುಡುಗರು ಬೂಟು ಬಿಚ್ಚಬೇಕೋ ಬೇಡವೋ ಎಂದು ಚರ್ಚಿಸುತ್ತಿದ್ದರು. ನಮ್ಮ ಮಾರ್ಗದರ್ಶಕ ಅದೇ ಊರಿನವರು, ಐವತ್ತು ದಾಟಿದವರು. ಅವರು ಮಾತ್ರ ಹಳ್ಳದ ನಡುವಿನ ಕಲ್ಲೊಂದನ್ನು ನೋಡುತ್ತಿದ್ದರು. ಎಮ್ಮೆಯ ಬೆನ್ನಿನಂಥ ಕಪ್ಪು ಕಲ್ಲು, ನೀರಿನಿಂದ ಮೊಳದಷ್ಟು ಮೇಲೆದ್ದಿತ್ತು, ನೆತ್ತಿಯಲ್ಲಿ ಬಿಳಿ ಕಲೆ.

"ಆ ಕಲ್ಲು ನೋಡ್ಕೊಳ್ಳಿ ಸರ್. ವಾಪಸ್ ಬರುವಾಗ ಅದು ಕಂಡ್ರೆ ದಾಟುವ. ಕಾಣದಿದ್ರೆ ಇಲ್ಲೇ ಕೂರುವ" ಎಂದರು.

ಇಪ್ಪತ್ತು ವರ್ಷಗಳಿಂದ ಮಲೆನಾಡಿನ ಗುಡ್ಡಗಳನ್ನು ಹತ್ತುತ್ತಿದ್ದೇನೆ. ಚಾರಣದ ಬಗ್ಗೆ ಇಷ್ಟು ಚಿಕ್ಕದಾಗಿ ಇಷ್ಟು ದೊಡ್ಡ ಪಾಠ ಹೇಳಿದವರು ಇನ್ನೊಬ್ಬರಿಲ್ಲ. ನಾವೆಲ್ಲ ಶಿಖರದ ಬಗ್ಗೆ ಯೋಚಿಸುತ್ತೇವೆ. ಎಷ್ಟು ಎತ್ತರ, ಎಷ್ಟು ಕಡಿದು, ಮೇಲೆ ಮಂಜು ಸರಿಯುತ್ತದೋ ಇಲ್ಲವೋ ಎಂಬುದೇ ನಮ್ಮ ಚಿಂತೆ. ಆದರೆ ಒಂದೇ ದಿನದಲ್ಲಿ ಹತ್ತಿ ಇಳಿಯುವ ಬೆಟ್ಟದ ದಾರಿಯಲ್ಲಿ ಹಳ್ಳವಿದ್ದರೆ, ಆ ದಿನದ ಲೆಕ್ಕವನ್ನು ಬರೆಯುವುದು ಶಿಖರವಲ್ಲ, ಹಳ್ಳ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಸಂಜೆ ಅದೇ ಹೊಳೆಯನ್ನು ಇನ್ನೊಮ್ಮೆ ದಾಟಬೇಕು. ಬೆಳಗಿನ ಹೊಳೆಯೂ ಸಂಜೆಯ ಹೊಳೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಕುದುರೆಮುಖ 1894 ಮೀಟರ್ ಎತ್ತರದ ಬೆಟ್ಟ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗಿಂತ ನಲವತ್ತು ಮೀಟರಿನಷ್ಟು ಕಡಿಮೆ, ಅಷ್ಟೇ. ಬಳಿಯ ಸಂಸೆ ಊರಿನ ಹೆಸರಿನಿಂದ ಸಂಸೆಪರ್ವತ ಎಂಬ ಹಳೆಯ ಹೆಸರೂ ಇದಕ್ಕಿದೆ. ಪಡುವಣದಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದೆಂದು ಈಗಿನ ಹೆಸರು ಬಂತು. ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು 1987ರಿಂದ ರಾಷ್ಟ್ರೀಯ ಉದ್ಯಾನ. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಇದೂ ಒಂದು. ಉದ್ಯಾನದೊಳಗೆ ಡೇರೆ ಹಾಕಿ ರಾತ್ರಿ ಉಳಿಯುವಂತಿಲ್ಲ. ಹಾಗಾಗಿ ಬೆಳಗ್ಗೆ ಹೋಗಿ ಸಂಜೆಯೊಳಗೆ ಮರಳಬೇಕು. ಒಳ್ಳೆಯ ನಿಯಮ. ಆದರೆ ಕತ್ತಲಾಗುವ ಮೊದಲು ಹಳ್ಳ ದಾಟಲೇಬೇಕೆಂಬ ಒತ್ತಡವನ್ನೂ ಈ ನಿಯಮವೇ ಹುಟ್ಟಿಸುತ್ತದೆ. ಅಪಾಯ ಹುಟ್ಟುವುದು ನೀರಿನಿಂದ ಎಷ್ಟೋ, ಈ ಒತ್ತಡದಿಂದಲೂ ಅಷ್ಟೇ.

ಮುಳ್ಳೋಡಿಯಿಂದ ತುದಿಗೆ ಸುಮಾರು ಒಂಬತ್ತು ಹತ್ತು ಕಿಲೋಮೀಟರ್. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಕೊಟ್ಟಿದ್ದ: ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ ಆರುನೂರು ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಒಟ್ಟು ಏರಿಕೆ ಸಾವಿರ ಮೀಟರ್ ಎಂದಿಟ್ಟುಕೊಂಡರೆ ಈ ಲೆಕ್ಕದಲ್ಲಿ ಮೂರೂವರೆ ಗಂಟೆ ಸಾಕು. ಆದರೆ ಅದು ಎಲ್ಲಿಯೂ ಕೂರದೆ ನಡೆಯುವ ಗಟ್ಟಿಗರ ಲೆಕ್ಕ. ನಮ್ಮ ಬಿಸಿಲು, ಬೆವರು, ಇಂಬಳ ಕೀಳಲು ನಿಲ್ಲುವುದು, ಫೋಟೊ, ಬುತ್ತಿ ಎಲ್ಲ ಸೇರಿದರೆ ಐದು ಗಂಟೆ. ಇಳಿಯಲು ನಾಲ್ಕು. ಬೆಳಗ್ಗೆ ಆರೂವರೆಗೆ ಹೊರಟವರು ಹನ್ನೊಂದೂವರೆಗೆ ತುದಿಯಲ್ಲಿದ್ದು, ಹನ್ನೆರಡಕ್ಕೆ ಇಳಿಯತೊಡಗಿದರೆ ನಾಲ್ಕಕ್ಕೆ ವಾಪಸ್. ಒಂಬತ್ತಕ್ಕೆ ಹೊರಟವರ ಪಾಡು ಏನೆಂದು ಇದೇ ಲೆಕ್ಕ ಹೇಳುತ್ತದೆ. ಅಕ್ಟೋಬರಿನಲ್ಲಿ ಸೂರ್ಯ ಆರರ ಸುಮಾರಿಗೆ ಮುಳುಗಿದರೂ ಕಾನಿನೊಳಗೆ ಅರ್ಧ ಗಂಟೆ ಮೊದಲೇ ಕತ್ತಲು ಬಂದು ಕೂತಿರುತ್ತದೆ.

ಏರುದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ತಾನೇ ಹೇಳಿಕೊಳ್ಳುತ್ತದೆ. ಕಾನು, ಆಮೇಲೆ ಬ್ಯಾಣ, ಮತ್ತೆ ಕಾನು. ಹುಲ್ಲುಗಾವಲಿನ ಬೋಳು ಏಣುಗಳ ನಡುವಿನ ಕಣಿವೆಗಳಲ್ಲಿ ಮಾತ್ರ ಶೋಲಾ ಕಾಡು ಹಸಿರು ಕಂಬಳಿಯಂತೆ ಮಡಿಚಿ ಕೂತಿದೆ. ಕೊನೆಯ ಏರು ಕಡಿದು. ಮಳೆನೀರು ಕೊರೆದ ಕೊರಕಲೇ ಅಲ್ಲಿ ದಾರಿ. ಹಲವು ಕಡೆ ಕೈ ಊರದೆ ಮೇಲೇರಲಾಗದು. ಇಂಥ ಹತ್ತುವಿಕೆ ನಡಿಗೆಯೂ ಅಲ್ಲ, ಹಗ್ಗ ಕಟ್ಟಿ ಬಂಡೆ ಏರುವ ಸಾಹಸವೂ ಅಲ್ಲ, ಎರಡರ ನಡುವಿನದು. ಮಗು ಮೆಟ್ಟಿಲು ಹತ್ತಿದಂತೆ ನಾಲ್ಕೂ ಕೈಕಾಲುಗಳ ಕೆಲಸ. ಎತ್ತಿನಭುಜದ ಕೊನೆಯ ಬಂಡೆ, ಕುಮಾರಪರ್ವತದಲ್ಲಿ ಶೇಷಪರ್ವತ ದಾಟಿದ ಮೇಲಿನ ಹಾಸುಬಂಡೆ ಇದಕ್ಕಿಂತ ಕಠಿಣವಾದವು. ಅಲ್ಲಿಯೂ ಇಲ್ಲಿಯೂ ಕ್ರಮ ಒಂದೇ: ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ನೆಲದಲ್ಲಿ ಗಟ್ಟಿಯಾಗಿರಬೇಕು, ಒಂದು ಮಾತ್ರ ಸರಿಯಬೇಕು. ಹುಲ್ಲಿನ ಬುಡ ಹಿಡಿದು ಜೀಕಬಾರದು, ಮಳೆಗಾಲದ ಮಣ್ಣಿನಲ್ಲಿ ಅದು ಬೇರುಸಹಿತ ಕೈಗೆ ಬರುತ್ತದೆ. ಬಂಡೆಯ ಮೇಲೆ ಕಪ್ಪಗೆ ಹೊಳೆಯುವ ಪಟ್ಟಿ ಕಂಡರೆ ಅದು ಹಾವಸೆ. ಎಷ್ಟು ದುಬಾರಿಯ ಬೂಟಾದರೂ ಒದ್ದೆ ಹಾವಸೆಯ ಮೇಲೆ ನಿಲ್ಲದು.

ಹತ್ತುವಾಗ ಕಣ್ಣು ಕೈಯ ಹತ್ತಿರವಿರುತ್ತದೆ, ಹಿಡಿಯುವ ಕಲ್ಲು ಮುಖದ ಎದುರೇ ಇರುತ್ತದೆ. ಇಳಿಯುವಾಗ ಕಾಲಿಡುವ ಜಾಗ ಹೊಟ್ಟೆಯ ಕೆಳಗೆ ಮರೆಯಾಗುತ್ತದೆ. ಜೊತೆಗೆ ತೊಡೆಯ ಸ್ನಾಯುಗಳು ದೇಹವನ್ನು ಎತ್ತುವುದಕ್ಕಿಂತ ಬೀಳದಂತೆ ಹಿಡಿದಿಡುವ ಕೆಲಸ ಮಾಡಬೇಕು. ಮಾರನೆಯ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋಯುವುದು ಅದಕ್ಕೇ. ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವಂತೆ ಇಳಿಯುವುದೇ ಸರಿ. ಅಂಡೂರಿ ಜಾರಿಕೊಂಡು ಹೋದರೆ ಕಾಲಿಗೆ ಹಿಡಿತವೂ ಇಲ್ಲ, ಕೈಗೆ ಆಸರೆಯೂ ಇಲ್ಲ. ಇಷ್ಟೆಲ್ಲ ಮುಗಿಸಿ ಮೊಣಕಾಲು ನಡುಗುವ ಹೊತ್ತಿಗೆ, ದಿನದ ಕೊನೆಯಲ್ಲಿ, ಹಳ್ಳ ಎದುರಾಗುತ್ತದೆ. ಬೆಳಗ್ಗೆ ದಾಟಿದ್ದು ತಾಜಾ ಕಾಲುಗಳು. ಸಂಜೆ ದಾಟಬೇಕಾದದ್ದು ದಣಿದ ಕಾಲುಗಳು.

ಆ ದಿನ ಹನ್ನೆರಡರ ಹೊತ್ತಿಗೆ ನಾವು ತುದಿಯಲ್ಲಿದ್ದೆವು. ಬುತ್ತಿ ಬಿಚ್ಚುವಷ್ಟರಲ್ಲಿ ಮೂಡಣದಲ್ಲಿ, ಕಳಸದ ದಿಕ್ಕಿನಲ್ಲಿ, ಮೋಡ ಗೋಪುರದಂತೆ ಎದ್ದಿತ್ತು. ಮುಂಗಾರಿನ ಮೋಡ ಕಡಲ ಕಡೆಯಿಂದ ಹಾಸಿಗೆಯಂತೆ ಹರಡಿಕೊಂಡು ಬರುತ್ತದೆ, ಇಡೀ ದಿನ ಹೊಯ್ಯುತ್ತದೆ. ಹಸ್ತಾ, ಚಿತ್ತಾ, ಸ್ವಾತಿ ಮಳೆಗಳ ರೀತಿ ಬೇರೆ. ಬೆಳಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ. ಬಿಸಿಲು ಹಸಿ ನೆಲವನ್ನು ಕಾಯಿಸಿ ಆವಿ ಎಬ್ಬಿಸುತ್ತದೆ. ಮಧ್ಯಾಹ್ನದ ಮೇಲೆ ಅದೇ ಆವಿ ಗುಡುಗಾಗಿ, ಒಂದೆರಡು ಗಂಟೆ ಒಂದೇ ಕಡೆ ಸುರಿದು ಮುಗಿಯುತ್ತದೆ. ಈ ಕಣಿವೆಯಲ್ಲಿ ಜಡಿಮಳೆ, ಪಕ್ಕದ ಕಣಿವೆಯಲ್ಲಿ ಬಿಸಿಲು. ಹಾಗಾಗಿ ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ನಿಮ್ಮ ಹಳ್ಳ ಏರಬಹುದು. ಮಳೆ ಬಿದ್ದದ್ದು ಹಳ್ಳದ ತಲೆಯಲ್ಲಿದ್ದರೆ ಸಾಕು.

ಮಾರ್ಗದರ್ಶಕರು ಬುತ್ತಿ ಕಟ್ಟಿಸಿದರು. "ಕೆಳಗೆ ಕಾನಿನಲ್ಲಿ ಉಣ್ಣುವ" ಎಂದರು. ಹುಡುಗರ ಮುಖ ಬಾಡಿತು. ಬೋಳು ಏಣಿನ ಮೇಲೆ ಗುಡುಗು ಕೇಳಿಸುವಾಗ ನಿಲ್ಲಬಾರದು. ಮಿಂಚು ಕಂಡು ಗುಡುಗು ಕೇಳಿಸಲು ಮೂರು ಸೆಕೆಂಡ್ ಹಿಡಿದರೆ ಸಿಡಿಲು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಇಷ್ಟನ್ನು ಹುಡುಗರಿಗೆ ಇಳಿಯುತ್ತಲೇ ವಿವರಿಸಿದೆ.

ಹಳ್ಳ ಯಾಕೆ ಏರುತ್ತದೆ, ಅದೂ ಅಷ್ಟು ಬೇಗ ಯಾಕೆ ಎಂಬುದನ್ನು ಇನ್ನಷ್ಟು ವಿವರವಾಗಿ ಹೇಳಬೇಕು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರ್ ನೀರು. ಹತ್ತು ಮಿಲಿಮೀಟರ್ ಎಂದರೆ ಬೆರಳಿನ ಅಗಲವೂ ಅಲ್ಲ, ಪೇಟೆಯವರು ಅದನ್ನು ಸೋನೆ ಎಂದು ತಳ್ಳಿಹಾಕುತ್ತಾರೆ. ಐದು ಚದರ ಕಿಲೋಮೀಟರಿನ ಪುಟ್ಟ ಜಲಾನಯನದ ಮೇಲೆ ಐವತ್ತು ಮಿಲಿಮೀಟರ್ ಸುರಿದರೆ ಇಪ್ಪತ್ತೈದು ಕೋಟಿ ಲೀಟರ್. ಅದರಲ್ಲಿ ನಾಲ್ಕನೆಯ ಒಂದು ಪಾಲು ಒಂದೆರಡು ಗಂಟೆಯೊಳಗೆ ಹಳ್ಳಕ್ಕೆ ಬಂದರೂ, ಬೆಳಗ್ಗೆ ನೀವು ಬೂಟು ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಿದ ಜಾಗ ಗುರುತು ಸಿಗುವುದಿಲ್ಲ.

ಎಲ್ಲ ನೀರೂ ಒಟ್ಟಿಗೆ ಬಾರದಂತೆ ತಡೆಯುವುದು ಶೋಲಾ ಮತ್ತು ಹುಲ್ಲುಗಾವಲು. ಹುಲ್ಲಿನ ಬೇರಿನ ಜಾಲ, ಶೋಲಾದ ಮೆತ್ತನೆಯ ಎಲೆಗೊಬ್ಬರ ಹನಿಯನ್ನು ಹಿಡಿದು ನಿಧಾನಕ್ಕೆ ಬಿಡುತ್ತವೆ. ಮಳೆ ನಿಂತು ತಿಂಗಳುಗಳಾದ ಮೇಲೂ ಈ ಹಳ್ಳಗಳಲ್ಲಿ ನೀರಿರುವುದು ಅದರಿಂದ. ಭದ್ರೆಗೆ ಬೇಸಿಗೆಯಲ್ಲೂ ಜೀವ ಉಳಿಯುವುದು ಅದರಿಂದ. ಆದರೆ ಈ ಹಿಡಿದಿಡುವ ಶಕ್ತಿಗೂ ಮಿತಿಯಿದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಗುಡ್ಡಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣು ಕುಡಿದೂ ಕುಡಿದೂ ಕಂಠಪೂರ್ತಿ ತುಂಬಿರುತ್ತದೆ. ಅಕ್ಟೋಬರಿನ ಮಳೆಗೆ ಇಂಗಲು ಜಾಗವಿಲ್ಲ. ಮೇ ತಿಂಗಳ ಐವತ್ತು ಮಿಲಿಮೀಟರ್ ಮಳೆಗೆ ಕದಲದ ಹಳ್ಳ, ಅಕ್ಟೋಬರಿನ ಅಷ್ಟೇ ಮಳೆಗೆ ಉಕ್ಕುತ್ತದೆ. "ಮಳೆಗಾಲ ಮುಗಿಯಿತು, ಇನ್ನೇನು ಭಯ" ಎಂದು ಚಾರಣಕ್ಕೆ ಹೊರಡುವವರಿಗೆ ಇದು ಗೊತ್ತಿರುವುದಿಲ್ಲ.

ನಾವು ಹಳ್ಳದ ಹತ್ತಿರ ಬಂದಾಗ ನಾಲ್ಕೂ ಹತ್ತು. ಕಾಣುವ ಮೊದಲೇ ಕೇಳಿಸಿತು. ಬೆಳಗ್ಗೆ ಗುಳುಗುಳು ಎನ್ನುತ್ತಿದ್ದದ್ದು ಈಗ ಒಂದೇ ಸಮನೆ ಮೊರೆಯುತ್ತಿತ್ತು, ಆ ಮೊರೆತದ ಅಡಿಯಲ್ಲಿ ಗಡ್ ಗಡ್ ಎಂಬ ಬೇರೊಂದು ಸದ್ದು. ತಳದಲ್ಲಿ ಕಲ್ಲುಗಳು ಉರುಳುವ ಸದ್ದು ಅದು. ಆ ಸದ್ದು ಕೇಳಿದರೆ ಮುಂದೆ ಯಾವ ಪರೀಕ್ಷೆಯೂ ಬೇಕಿಲ್ಲ. ಕಲ್ಲನ್ನೇ ಉರುಳಿಸುವ ನೀರಿಗೆ ನಿಮ್ಮ ಕಾಲು ಯಾವ ಲೆಕ್ಕ? ನೀರು ಚಹದ ಬಣ್ಣಕ್ಕೆ ತಿರುಗಿತ್ತು. ತರಗೆಲೆ, ಕಡ್ಡಿ, ಒಂದು ಹಸಿ ಕೊಂಬೆ ತೇಲಿ ಬರುತ್ತಿದ್ದವು. ಹಸಿ ಕೊಂಬೆ ಎಂದರೆ ಈಗಷ್ಟೇ ಎಲ್ಲೋ ದರೆ ಕುಸಿದಿದೆ, ನೀರು ಇನ್ನೂ ಏರುವುದರಲ್ಲಿದೆ. ಬಿಳಿ ಕಲೆಯ ಕಲ್ಲು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೀರು ಗುಡ್ಡೆಯಾಗಿ ಎದ್ದು ಬೀಳುತ್ತಿತ್ತು.

ಆಚೆ ದಡ ಹದಿನೈದು ಹೆಜ್ಜೆ ದೂರ. ಅಲ್ಲಿಂದ ಊರು ಒಂದು ಗಂಟೆಯ ದಾರಿ. "ಸೊಂಟದವರೆಗೆ ಬರಬಹುದು ಅಷ್ಟೇ ಸರ್, ಕೈ ಕೈ ಹಿಡ್ಕೊಂಡು ದಾಟಿಬಿಡೋಣ" ಎಂದ ಒಬ್ಬ ಹುಡುಗ. ಅವನ ಮಾತಿನಲ್ಲಿ ಹುಂಬತನವಿರಲಿಲ್ಲ. ಮನೆಗೆ ಹೋಗುವ ಆಸೆಯಿತ್ತು. ಹಳ್ಳಗಳು ಕೊಂದವರಲ್ಲಿ ಹೆಚ್ಚಿನವರಿಗೆ ಆಚೆ ದಡ ಇಷ್ಟೇ ಹತ್ತಿರ ಕಂಡಿರುತ್ತದೆ.

ಸೊಂಟದವರೆಗಿನ ನೀರು ಏನು ಮಾಡುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಹರಿವ ನೀರಿನ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೊಣಕಾಲಿನ ಮಟ್ಟದ ನೀರಿನಲ್ಲಿ ಎರಡೂ ಕಾಲು ಸೇರಿ ನೀರಿಗೆ ಒಡ್ಡುವ ಅಗಲ ಸುಮಾರು ಒಂದು ಅಡಿ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಅದರ ಒತ್ತು ಏಳೆಂಟು ಕೆಜಿ ಭಾರಕ್ಕೆ ಸಮ, ತಡೆದುಕೊಳ್ಳಬಹುದು. ಅದೇ ನೀರು ಸೆಕೆಂಡಿಗೆ ಎರಡು ಮೀಟರ್ ಹರಿದರೆ ಮೂವತ್ತು ಕೆಜಿ. ತೊಡೆಯವರೆಗೆ ಏರಿದರೆ ಐವತ್ತು ಕೆಜಿಯ ಹತ್ತಿರ. ಒಂದು ಸಿಮೆಂಟ್ ಚೀಲವನ್ನು ಪಕ್ಕದಿಂದ ನಿಮ್ಮ ತೊಡೆಗೆ ಒರಗಿಸಿ, ಜಾರುವ ಗುಂಡುಕಲ್ಲುಗಳ ಮೇಲೆ ನಡೆಯಿರಿ ಎಂದಂತೆ.

ಇದಕ್ಕಿಂತ ಮೋಸದ್ದು ತೇಲಿಸುವ ಗುಣ. ಸೊಂಟ ಮುಳುಗಿದಾಗ ದೇಹದ ಅರ್ಧದಷ್ಟು ಭಾರವನ್ನು ನೀರೇ ಹೊತ್ತುಕೊಳ್ಳುತ್ತದೆ. ಸ್ನಾನಕ್ಕಿಳಿದವರಿಗೆ ಅದು ಹಿತ. ದಾಟುವವರಿಗೆ ಮಾತ್ರ ಪಾದವನ್ನು ನೆಲಕ್ಕೆ ಒತ್ತುವ ಭಾರವೇ ಅರ್ಧಕ್ಕಿಳಿಯಿತು, ಪಾದದ ಹಿಡಿತವೂ ಅರ್ಧವಾಯಿತು. ಒಂದು ಕಡೆ ತಳ್ಳುವ ಬಲ ಏರುತ್ತದೆ, ಇನ್ನೊಂದು ಕಡೆ ನಿಲ್ಲಿಸುವ ಬಲ ಇಳಿಯುತ್ತದೆ. ಈಜು ಬಂದರೂ ಇಲ್ಲಿ ಹೆಚ್ಚಿನ ಉಪಯೋಗವಿಲ್ಲ. ಹಳ್ಳ ಈಜುಕೊಳವಲ್ಲ, ಹತ್ತು ಮಾರು ಕೆಳಗೆ ಬಂಡೆ ಕಾದಿರುತ್ತದೆ. ಬಿದ್ದ ಮರದ ಕೊಂಬೆಗಳು ಜರಡಿಯಂತೆ ನೀರನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತವೆ.

ತಿಳಿನೀರೂ ನಂಬಿಕೆಗೆ ಅರ್ಹವಲ್ಲ. ಬೆಳಕಿನ ವಕ್ರೀಭವನದಿಂದ ನಾಲ್ಕಡಿ ಆಳದ ತಳ ಮೇಲಿನಿಂದ ಮೂರಡಿಯಂತೆ ಕಾಣುತ್ತದೆ. ಕೋಲು ಹಾಕಿ ನೋಡದೆ ಇಳಿಯಬಾರದು.

ದಾಟಬಹುದಾದ ನೀರನ್ನು ದಾಟುವ ಕ್ರಮವಿದೆ. ಒಂದು ಎಲೆ ಎಸೆದು ದಡದಲ್ಲೇ ಅದರ ಜೊತೆ ನಡೆಯಿರಿ. ನೀವು ಬಿರುನಡೆ ನಡೆದರೂ ಎಲೆಯೇ ಮುಂದಾದರೆ, ಮೊಣಕಾಲು ಮೀರಿದ ಆಳಕ್ಕೆ ಇಳಿಯಬೇಡಿ. ಕಿರಿದಾದ ಜಾಗ ಹುಡುಕಬೇಡಿ. ಅಲ್ಲಿ ನೀರು ಆಳವೂ ಹೌದು, ವೇಗವೂ ಹೌದು. ಹಳ್ಳ ಅಗಲವಾಗಿ ಹರಡಿ ನೇರವಾಗಿ ಹರಿಯುವ ಕಡೆ ನೋಡಿ, ಅದರ ಕೆಳಗೆ ಜಲಪಾತ, ಬಂಡೆರಾಶಿ, ಬಿದ್ದ ಮರ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬೂಟು ಬಿಚ್ಚಬೇಡಿ, ಕಾಲ್ಚೀಲ ಮಾತ್ರ ಬಿಚ್ಚಿ ಒಣಗಿಸಿಡಿ. ಬರಿಗಾಲಿಗೆ ಕಲ್ಲು ತಾಗಿದ ನೋವಿಗೆ ಮನುಷ್ಯ ಹೌಹಾರಿ ಆಯ ತಪ್ಪುತ್ತಾನೆ. ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿರಲಿ. ಬಿದ್ದರೆ ಚೀಲ ಹೋಗಲಿ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ ಮೂರನೆಯ ಕಾಲಾಗಿಸಿಕೊಂಡು, ಕೋಲು, ಕಾಲು, ಕಾಲು ಎಂದು ಒಂದೊಂದನ್ನೇ ಸರಿಸುತ್ತ ತುಸು ಓರೆಯಾಗಿ ಕೆಳಮುಖವಾಗಿ ಸಾಗಿ. ಕಾಲನ್ನು ಎತ್ತಿ ಇಡಬೇಡಿ, ತಳದಲ್ಲೇ ಸವರಿಕೊಂಡು ಹೋಗಿ.

ಗುಂಪಿನಲ್ಲಿ ದಾಟುವಾಗ ಕೈ ಕೈ ಹಿಡಿದ ಸರಪಳಿ ಸಾಲದು. ಒಬ್ಬ ಬಿದ್ದರೆ ಎಳೆತಕ್ಕೆ ಕೈ ಬಿಡುತ್ತದೆ, ಇಲ್ಲವೇ ಪಕ್ಕದವನೂ ಬೀಳುತ್ತಾನೆ. ತೋಳಿಗೆ ತೋಳು ಹೆಣೆದು, ಪಕ್ಕದವರ ಚೀಲದ ಪಟ್ಟಿ ಹಿಡಿದು, ಇಡೀ ಸಾಲು ನೀರಿನ ಹರಿವಿಗೆ ಸಮಾಂತರವಾಗಿ ನಿಲ್ಲಬೇಕು. ಮೇಲ್ತುದಿಯಲ್ಲಿ ಬಲಶಾಲಿ, ಅವನು ನೀರನ್ನು ಸೀಳುತ್ತಾನೆ, ಉಳಿದವರು ಅವನ ಮರೆಯಲ್ಲಿ ಹೋಗುತ್ತಾರೆ. ಎಲ್ಲರೂ ಒಟ್ಟಿಗೆ ಹೆಜ್ಜೆ ಸರಿಸಬೇಕು. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಯುವುದನ್ನು ಸಿನಿಮಾದಲ್ಲಿ ನೋಡಿದವರು ಬಹಳ. ದಯವಿಟ್ಟು ಅದನ್ನು ಮಾಡಬೇಡಿ. ಬಿದ್ದವನನ್ನು ಹಗ್ಗ ಹಿಡಿದು ನಿಲ್ಲಿಸುತ್ತದೆ, ನಿಂತ ದೇಹದ ಮೇಲೆ ನೀರು ಹತ್ತಿ ಅವನನ್ನು ಅಡಿಗೆ ಒತ್ತುತ್ತದೆ. ಬಿದ್ದು ಕೊಚ್ಚಿಹೋದರೆ ಮೇಲ್ಮುಖವಾಗಿ ಮಲಗಿ, ಕಾಲು ಹರಿವಿನ ದಿಕ್ಕಿಗಿರಲಿ, ಪಾದ ನೀರಿನ ಮೇಲಿರಲಿ. ವೇಗದ ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಜನ ಮುಳುಗುವುದು ಹೀಗೆ.

ಈ ಕ್ರಮಗಳೆಲ್ಲ ದಾಟಬಹುದಾದ ನೀರಿಗೆ. ನಮ್ಮ ಎದುರಿಗಿದ್ದದ್ದು ಅದಲ್ಲ. ನಾವು ದಡದಿಂದ ಎತ್ತರದ ದರೆಯ ಮೇಲೆ, ಮರದ ಬುಡದಲ್ಲಿ ಕೂತೆವು. ಮಾರ್ಗದರ್ಶಕರು ನೀರಿನ ಅಂಚಿನಲ್ಲಿ ಒಂದು ಕಡ್ಡಿ ನೆಟ್ಟು ಬಂದರು. ಹತ್ತು ನಿಮಿಷಕ್ಕೆ ನೋಡಿದರೆ ಕಡ್ಡಿ ಮುಳುಗಿತ್ತು. ಮೇಲೆ ಇನ್ನೊಂದು ನೆಟ್ಟರು. ಅವರ ಮುಖದಲ್ಲಿ ಆತಂಕವಿರಲಿಲ್ಲ. ಚಿಕ್ಕಂದಿನಲ್ಲಿ ಶಾಲೆಗೆ ಹೋದವರು ಹಳ್ಳ ಬಂದರೆ ಈಚೆ ಮನೆಯಲ್ಲೇ ಉಳಿದುಬಿಡುತ್ತಿದ್ದರಂತೆ, ಊಟ ಹಾಕಿ ಮಲಗಿಸುವುದು ಆ ಮನೆಯವರ ರೂಢಿಯಂತೆ. "ಹಳ್ಳ ಬರುವಷ್ಟೇ ಬೇಗ ಹೋಗ್ತದೆ ಸರ್. ಕಾಯುವ" ಎಂದರು. ಇದು ಅನುಭವದ ಮಾತು, ವಿಜ್ಞಾನವೂ ಹೌದು. ದೊಡ್ಡ ನದಿಗೆ ನೀರು ಬರುವ ದಾರಿ ಉದ್ದ, ಅದು ದಿನಗಟ್ಟಲೆ ಏರಿ ದಿನಗಟ್ಟಲೆ ಇಳಿಯುತ್ತದೆ. ಬೆಟ್ಟದ ಹಳ್ಳದ ಜಲಾನಯನ ಚಿಕ್ಕದು, ಕಡಿದು. ಬಿದ್ದ ನೀರು ಬೇಗ ಬರುತ್ತದೆ, ಮಳೆ ನಿಂತರೆ ಬೇಗ ಮುಗಿಯುತ್ತದೆ. ಎರಡು ಮೂರು ಗಂಟೆಯ ತಾಳ್ಮೆ ಸಾಕು. ಅದಕ್ಕೆ ಚೀಲದಲ್ಲಿ ಮಳೆಯಂಗಿ, ಒಣಗಿದ ಒಂದು ಮೇಲಂಗಿ, ತಲೆಗೆ ಕಟ್ಟುವ ಬ್ಯಾಟರಿ ಲೈಟು, ಒಂದು ಹೊತ್ತಿನ ಹೆಚ್ಚಿನ ತಿಂಡಿ ಇರಬೇಕು. ಇವು ಇಲ್ಲದವರು ಕಾಯಲಾರರು. ಕಾಯಲಾರದವರು ಇಳಿಯುತ್ತಾರೆ.

ಕಾಯುತ್ತ ಕೂತಾಗ ಆ ಕೆಂಪುನೀರು ನೋಡಿ ಇನ್ನೊಂದು ಕೆಂಪು ನೆನಪಾಯಿತು. ಇದೇ ಬೆಟ್ಟಸಾಲಿನಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಮಳೆಗಾಲದಲ್ಲಿ ಗಣಿಯ ಹೂಳು ಭದ್ರೆಗಿಳಿಯುತ್ತಿತ್ತು. ಜನ ಹೋರಾಡಿದರು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಹಾಗೆ ಉಳಿದ ಹುಲ್ಲುಗಾವಲಿನ ಮೇಲೆ ನಾವಿಂದು ನಡೆಯುತ್ತೇವೆ.

ಮಲೆನಾಡಿಗೆ, ಕರಾವಳಿಗೆ ಹಳ್ಳ ದಾಟುವುದು ರಜೆಯ ಸಾಹಸವಲ್ಲ ಎಂಬುದನ್ನೂ ಹೇಳಬೇಕು. ಅಡಿಕೆ ಮರದ ಎರಡು ದಿಮ್ಮಿ ಹಾಸಿದ ಕಾಲುಸಂಕದ ಮೇಲೆ ಮಕ್ಕಳು ಈಗಲೂ ಶಾಲೆಗೆ ಹೋಗುತ್ತಾರೆ. 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹೋದಳು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ್ದು ಇಂಥ ಊರುಗಳಿಗಾಗಿ. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಕುಮಾರಪರ್ವತವನ್ನು ಸೋಮವಾರಪೇಟೆಯ ಬೀದಳ್ಳಿ ಕಡೆಯಿಂದ ಹತ್ತುವವರಿಗೂ ಹೊಳೆಯ ಮೇಲೆ ತೂಗುಸೇತುವೆಯಿದೆ. ಆ ಹಲಗೆಗಳ ಮೇಲೆ ನಿಂತು ಕೆಳಗೆ ನೋಡಿದವರಿಗೆ ಅದು ಎಂಥ ಉಪಕಾರವೆಂದು ಗೊತ್ತು. ಸೇತುವೆಯಿಲ್ಲದ ಕಡೆ ಊರಿನವರು ಕಾಯುತ್ತಾರೆ. ನೋಡಲು ಬಂದವರು ಕಾಯುವುದಿಲ್ಲ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಒಂದೇ ಕುಟುಂಬದ ಐವರು, ಅವರಲ್ಲಿ ನಾಲ್ವರು ಮಕ್ಕಳು, ಏರಿದ ನೀರಿಗೆ ಸಿಕ್ಕಿ ತೀರಿಕೊಂಡರು. ಸುತ್ತ ಜನರಿದ್ದರು. ಯಾರಿಗೂ ಏನೂ ಮಾಡಲಾಗಲಿಲ್ಲ.

ಐದೂವರೆಗೆ ಮೇಲಿನ ಕಡ್ಡಿ ನೀರಿನಿಂದ ಗೇಣು ದೂರ ಉಳಿದಿತ್ತು. ಆರೂಕಾಲಕ್ಕೆ ಕೆಳಗಿನ ಕಡ್ಡಿ ಕಾಣಿಸಿತು. ಏಳಕ್ಕೆ ಟಾರ್ಚಿನ ಬೆಳಕಿನಲ್ಲಿ ಕಲ್ಲಿನ ಬಿಳಿ ಕಲೆ ಕಂಡಿತು. ಆದರೂ ಮಾರ್ಗದರ್ಶಕರು ಏಳಲಿಲ್ಲ. ಕಲ್ಲಿನ ಬೆನ್ನು ಪೂರ್ತಿ ಹೊರಬರಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ತೋಳು ಹೆಣೆದುಕೊಂಡು, ಮೊಣಕಾಲಿಗಿಂತ ಕೆಳಗಿದ್ದ ನೀರನ್ನು ಎರಡು ನಿಮಿಷದಲ್ಲಿ ದಾಟಿದೆವು. ಊರು ಮುಟ್ಟಿದಾಗ ಒಂಬತ್ತು. ತಡವಾಗಿ ಬಂದದ್ದಕ್ಕೆ ಅರಣ್ಯ ಇಲಾಖೆಯ ಕಾವಲುಗಾರರು ಬೈದರು. ಹಳ್ಳ ಬಂದಿತ್ತು ಎಂದು ಮಾರ್ಗದರ್ಶಕರು ಹೇಳಿದ ಮೇಲೆ ಸುಮ್ಮನಾಗಿ, ಬಿಸಿ ಕಾಫಿ ತರಿಸಿಕೊಟ್ಟರು.

2024ರ ಜನವರಿಯಲ್ಲಿ ಕುಮಾರಪರ್ವತದ ಮೇಲೆ ಜನಜಾತ್ರೆ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಬಂತು. ಕಾಡಿಗೆ ಅದು ಒಳ್ಳೆಯದು. ಅದೇ ಅನುಮತಿ ಚೀಟಿಯಲ್ಲಿ ಇನ್ನೆರಡು ಸಾಲು ಸೇರಿಸಬೇಕೆಂದು ಅರಣ್ಯ ಇಲಾಖೆಯಲ್ಲಿ ನನ್ನ ವಿನಂತಿ. ಒಂದು, ಶಿಖರ ತಲುಪಿರಲಿ ಬಿಡಲಿ ಹನ್ನೆರಡಕ್ಕೆ ಹಿಂದಿರುಗಬೇಕು. ಎರಡು, ಹಳ್ಳ ಏರಿದ್ದರಿಂದ ತಡವಾದವರಿಗೆ ದಂಡವಿಲ್ಲ, ಬೈಗುಳವಿಲ್ಲ. ಜೊತೆಗೆ ಸೇತುವೆಯಿಲ್ಲದ ಪ್ರತಿ ದಾಟುಜಾಗದಲ್ಲೂ ಒಂದು ಗಟ್ಟಿ ಬಂಡೆ ಆರಿಸಿ, ಅದರ ಮೇಲೆ ಮೊಣಕಾಲಿನ ಮಟ್ಟಕ್ಕೆ ಬಿಳಿಯ ಗೆರೆ, ತೊಡೆಯ ಮಟ್ಟಕ್ಕೆ ಕೆಂಪು ಗೆರೆ ಬಳಿಸಲಿ. ಯಾವ ಬಂಡೆ ಎಂದು ಆಯಾ ಊರಿನವರನ್ನು ಕೇಳಿದರೆ ತೋರಿಸುತ್ತಾರೆ. ಒಂದು ಡಬ್ಬಿ ಬಣ್ಣದ ಕೆಲಸ, ಬರುವ ಮಳೆಗಾಲದೊಳಗೆ ಮುಗಿಯಬಹುದು.